ಅಪ್‌ಡೇಟ್: ಹಳೇ ಕಂಪ್ಯೂಟರಿಗೆ ಮೇಮ್ ಸರಿಯೋ, ಫೈನಲ್‌ಬರ್ನ್ ನಿಯೋ ಸರಿಯೋ?

4 ಜಿಬಿ ರ‍್ಯಾಮಿನ ಡ್ಯುಯಲ್ ಕೋರ್ ಮಷೀನಿಗೆ ಮೇಮ್, ಫೈನಲ್‌ಬರ್ನ್ ನಿಯೋ ಇವೆರಡರಲ್ಲಿ ಯಾವ ಎಮ್ಯುಲೇಟರ್ (ಹಳೇ ಆರ್ಕೇಡ್ ಗೇಮುಗಳನ್ನು ಕಂಪ್ಯೂಟರಿನಲ್ಲಿ ಓಡಿಸೋ ಸಾಫ್ಟ್‌ವೇರ್) ಸರಿ ಅಂತ ಕೇಳಿದ್ದೆ. ಹಲವು ಎಮ್ಯುಲೇಟರುಗಳನ್ನು ಒಂದೇ ಕಡೆ ಓಡಿಸೋ ರೆಟ್ರೋಆರ್ಚ್‌ನಲ್ಲಿ ಫೈನಲ್‌ಬರ್ನ್ ನಿಯೋ ಕೋರ್ (ಅದರೊಳಗೆ ಸೇರಿಸೋ ಎಮ್ಯುಲೇಟರ್) ಹಾಕಿದೆ, ಮೆಟಲ್ ಸ್ಲಗ್ ಸರಾಗವಾಗಿ ಓಡ್ತಿದೆ. ಮೊದಲು ಗೇಮ್ ಶುರುವೇ ಆಗ್ತಿರಲಿಲ್ಲ. ಮೆಟಲ್ ಸ್ಲಗ್ ನಿಯೋಜಿಯೋ ಅನ್ನೋ ಆರ್ಕೇಡ್ ಮಷೀನಿನ ಗೇಮು; ಆ ಮಷೀನಿನ ಬಯಾಸ್ (ಶುರುವಾಗಲು ಬೇಕಾದ ಮೂಲ ಸಾಫ್ಟ್‌ವೇರ್) ಜಿಪ್ ಫೈಲು ಗೇಮಿನ ಫೋಲ್ಡರಿನಲ್ಲಿ ಇಲ್ಲವೇ ರೆಟ್ರೋಆರ್ಚ್‌ನ ಸಿಸ್ಟಮ್ ಫೋಲ್ಡರಿನಲ್ಲಿ ಇರಬೇಕು. ಅದನ್ನು ಬಿಚ್ಚಬಾರದು, ಹೆಸರೂ ಬದಲಿಸಬಾರದು.

ಪ್ಯಾಕ್-ಮ್ಯಾನ್ ತರದ್ದಕ್ಕೆ ಮೇಮ್ 2003-ಪ್ಲಸ್ ಧಾರಾಳ ಸಾಕು. ಅದು ಮೇಮ್‌ನ ಹಳೇ ಆವೃತ್ತಿ 0.78ರ ಮೇಲೆ ಕಟ್ಟಿದ್ದು. ಹಾಗಾಗಿ ಹೊಸ ಆವೃತ್ತಿಗೆ ಹೊಂದೋ ರೋಮ್ ಸೆಟ್ (ಗೇಮಿನ ಫೈಲುಗಳ ಕಟ್ಟು) ಕೊಟ್ಟರೆ ಎಷ್ಟೋ ಗೇಮ್ ತೆರೆಯಲ್ಲ. ಈಗಿನ ಪೂರ್ತಿ ಮೇಮ್ ಹೆಚ್ಚು ನಿಖರ, ಒಪ್ಪೋಣ, ಆದರೆ 3ಡಿ ಗೇಮಿಗೆ ಈ ಪ್ರೊಸೆಸರಿನ ಕೈಲಾಗಲ್ಲ.

ರೆಟ್ರೋಆರ್ಚ್‌ನಲ್ಲಿ ರನ್-ಅಹೆಡ್ (ಬಟನ್ ಒತ್ತಿದ ಮೇಲಿನ ತಡವನ್ನು ಕಡಿಮೆ ಮಾಡೋ ಸೆಟ್ಟಿಂಗ್) 1 ಫ್ರೇಮ್ ಇಟ್ಟರೆ ಬಟನ್ ಒತ್ತಿದ ಕೂಡಲೇ ಗುಂಡು ಹಾರುತ್ತೆ. 2ಕ್ಕೆ ಏರಿಸಿದರೆ ಪ್ರೊಸೆಸರಿಗೆ ಭಾರ; ನಮ್ಮ ಕಲಬುರಗಿ ಬಿಸಿಲಿಗೆ ಕಾದು ನಿಧಾನವಾಗಿ, ಸೌಂಡ್ ತುಂಡು ತುಂಡಾಗುತ್ತೆ.