ಹ್ಯಾಂಡಿಕ್ಯಾಪ್ 24, ಅಂಕ 45: ಇಂಥ ವಿಜೇತರನ್ನು ಏನು ಮಾಡುವುದು?

ಅಂಕಪಟ್ಟಿ ಕೇಳುತ್ತಾರೆ:

ನಮ್ಮದು ಕಾಫಿ ತೋಟಗಳ ನಡುವಿನ ಚಿಕ್ಕ ಗಾಲ್ಫ್ ಕ್ಲಬ್. ಇರುವುದು ಒಂಬತ್ತೇ ಹೋಲ್. ಅದನ್ನೇ ಎರಡು ಸಲ ಸುತ್ತಿ ಹದಿನೆಂಟು ಮಾಡಿಕೊಳ್ಳುತ್ತೇವೆ. ಪಂದ್ಯಾವಳಿಯ ದಿನ ಕಾರ್ಡುಗಳನ್ನು ಕೂಡಿಸಿ ಫಲಿತಾಂಶ ಬರೆಯುವ ಕೆಲಸ ನನ್ನದು. ಎಲ್ಲರೂ ಊಟಕ್ಕೆ ಕುಳಿತಿರುವಾಗ ಲೆಕ್ಕ ಮಾಡಲು ಬೇರೆ ಯಾರೂ ಒಪ್ಪುವುದಿಲ್ಲ.

ಈ ಸಲದ ವಾರ್ಷಿಕ ಪಂದ್ಯಾವಳಿ ಸ್ಟೇಬಲ್‌ಫರ್ಡ್ ಪದ್ಧತಿಯಲ್ಲಿ, ಅಂದರೆ ಪ್ರತಿ ಹೋಲಿಗೂ ಅಂಕ ಕೊಡುವ ಲೆಕ್ಕದಲ್ಲಿ ನಡೆಯಿತು. ಹೆಚ್ಚು ಅಂಕ ತಂದವರು ಗೆಲ್ಲುತ್ತಾರೆ. ಹ್ಯಾಂಡಿಕ್ಯಾಪ್ ಎಂದರೆ ಆಟದ ಮಟ್ಟ ನೋಡಿ ಕೊಡುವ ಹೊಡೆತಗಳ ರಿಯಾಯಿತಿ. ಆಟ ದುರ್ಬಲವಾದಷ್ಟೂ ಅದು ಹೆಚ್ಚು. ತಮ್ಮ ಹ್ಯಾಂಡಿಕ್ಯಾಪ್‌ಗೆ ಸರಿಯಾಗಿ ಆಡಿದವರಿಗೆ 36 ಅಂಕ ಸಿಗುತ್ತದೆ. 39 ತಂದವರ ಬೆನ್ನು ತಟ್ಟುತ್ತೇವೆ. ಗೆದ್ದ ಮಹನೀಯರು 24ರ ಹ್ಯಾಂಡಿಕ್ಯಾಪ್‌ನಲ್ಲಿ 45 ಅಂಕ ತಂದರು. ಪ್ರಾಯೋಜಕರು ಕೊಟ್ಟ ಫ್ರಿಜ್ ಅವರ ಜೀಪು ಹತ್ತಿತು.

ಕಾರ್ಡಿನಲ್ಲಿ ತಪ್ಪಿಲ್ಲ. ಎರಡೆರಡು ಸಲ ಕೂಡಿಸಿ ನೋಡಿದೆ. ಸ್ಕೋರು ಬರೆದುಕೊಳ್ಳುವ ಮಾರ್ಕರ್ ಸಹಿಯೂ ಇದೆ. ನನ್ನ ತಕರಾರು ಬೇರೆ. ಇದೇ ಮನುಷ್ಯ ಶನಿವಾರ ಗೆಳೆಯರೊಂದಿಗೆ ಪಣ ಕಟ್ಟಿ ಆಡುವಾಗ 15ಕ್ಕಿಂತ ಒಂದು ಹೊಡೆತವನ್ನೂ ಹೆಚ್ಚಿಗೆ ಕೇಳುವುದಿಲ್ಲ. ಕೇಳಿದರೂ ಯಾರೂ ಕೊಡುವುದಿಲ್ಲ. ಇಡೀ ಕ್ಲಬ್‌ಗೆ ಗೊತ್ತಿರುವ ಸಂಗತಿ ಕಂಪ್ಯೂಟರ್‌ಗೆ ಮಾತ್ರ ಗೊತ್ತಿಲ್ಲ!

ನನ್ನ ಪ್ರಶ್ನೆ ಎರಡು. ಸಮಿತಿ ತಾನಾಗಿಯೇ ಒಬ್ಬರ ಹ್ಯಾಂಡಿಕ್ಯಾಪ್ ಇಳಿಸಬಹುದೇ? ಇನ್ನೊಂದು, ಏಳನೇ ಹೋಲಿನಲ್ಲಿ ಪೊದೆಯೊಳಗೆ ಹೋದ ಚೆಂಡು ಹೊರಗೆ, ಒಳ್ಳೆಯ ಹುಲ್ಲಿನ ಮೇಲೆ ಸಿಕ್ಕಿತು ಎಂಬ ಗುಸುಗುಸು ಇದೆ. ಅವರ ಬ್ಯಾಗು ಹೊರುವ ಕ್ಯಾಡಿಯನ್ನು ಕೇಳಿದರೆ ಆಕಾಶ ನೋಡುತ್ತಾನೆ. ಇಂಥದ್ದನ್ನು ತಡೆಯುವುದು ಹೇಗೆ?

ಸ್ಲೋಪ್ 113:

ಮೇಡಂ, ಬೆಂಗಳೂರಿನಲ್ಲಿ ಹ್ಯಾಂಡಿಕ್ಯಾಪ್ ಸಮಿತಿಯಲ್ಲಿ ಕುಳಿತು ಬಹಳ ಜನರ ಶಾಪ ಹೊತ್ತವನು ನಾನು. ಮೊದಲ ಪ್ರಶ್ನೆಗೆ ಉತ್ತರ: ಇಳಿಸಬಹುದು. 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ವ್ಯವಸ್ಥೆ ಕ್ಲಬ್ ಸಮಿತಿಗೆ ಆ ಅಧಿಕಾರ ಕೊಟ್ಟಿದೆ. ಆಟಗಾರರಿಗೆ ಮೊದಲು ತಿಳಿಸಬೇಕು, ಅವರು ಹೇಳುವುದನ್ನು ಕೇಳಬೇಕು, ಆಮೇಲೆ ನಿರ್ಧರಿಸಬೇಕು.

ಆದರೆ ಮೋಸದ ಜಾಗವನ್ನು ಸರಿಯಾಗಿ ಗುರುತಿಸಿಕೊಳ್ಳಿ. ಕೊನೆಯ 20 ಸುತ್ತುಗಳಲ್ಲಿ ಅತ್ಯುತ್ತಮವಾದ 8ರ ಸರಾಸರಿಯೇ ಇಂಡೆಕ್ಸ್, ಹ್ಯಾಂಡಿಕ್ಯಾಪ್ ಅದರಿಂದಲೇ ಬರುತ್ತದೆ. ಉಳಿದ 12 ಸುತ್ತು ಎಷ್ಟೇ ಕೆಟ್ಟದಾಗಿದ್ದರೂ ಲೆಕ್ಕಕ್ಕಿಲ್ಲ. ಬೇಕೆಂದೇ ಮೂರು ಪಟ್ (ಹೋಲಿಗೆ ಉರುಳಿಸುವ ಮೆಲು ಹೊಡೆತ) ತಪ್ಪಿಸಿ ಅಪರೂಪಕ್ಕೊಮ್ಮೆ 110 ಹೊಡೆದು ಕಾರ್ಡು ಹಾಕಿದರೆ ಏನೂ ಆಗದು. ಇಂಡೆಕ್ಸ್ ಏರಬೇಕಾದರೆ ಒಳ್ಳೆಯ ಸುತ್ತುಗಳು ದಾಖಲೆಗೆ ಸೇರಬಾರದು. ಆದ್ದರಿಂದ ಹಾಕಿದ ಕಾರ್ಡುಗಳ ಜೊತೆ, ಹಾಕದೆ ಬಿಟ್ಟ ಕಾರ್ಡುಗಳನ್ನೂ ಹುಡುಕಿ. ಪಂದ್ಯ ಕಾಯ್ದಿರಿಸುವ ಪುಸ್ತಕವನ್ನೂ ಸ್ಕೋರು ದಾಖಲೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಂಜೆಯ ಕೆಲಸ. ಆಡಿಯೂ ಸ್ಕೋರು ಕೊಡದಿದ್ದರೆ ಸಮಿತಿಯೇ ಆ ಸ್ಕೋರನ್ನು, ಇಲ್ಲವೇ ದಂಡದ ಸ್ಕೋರನ್ನು ಸೇರಿಸಬಹುದು.

ವ್ಯವಸ್ಥೆಯಲ್ಲಿ ತಾನಾಗಿ ಬೀಳುವ ಕತ್ತರಿಯೂ ಇದೆ. ಇಂಡೆಕ್ಸ್‌ಗಿಂತ 7ರಿಂದ 9.9ರಷ್ಟು ಉತ್ತಮವಾಗಿ ಆಡಿದರೆ 1, 10 ಅಥವಾ ಅದಕ್ಕೂ ಮೇಲಾದರೆ 2 ಇಳಿಯುತ್ತದೆ. ನಿಮ್ಮವರಿಗೆ ಬಹುಶಃ 1 ಇಳಿದಿರುತ್ತದೆ. 24 ಹೋಗಿ 23 ಆದರೆ ಯಾರಿಗೆ ಸಮಾಧಾನ? ಏರಿಕೆಗೂ ತಡೆಯಿದೆ: ಹಿಂದಿನ 365 ದಿನಗಳ ಅತಿ ಕಡಿಮೆ ಇಂಡೆಕ್ಸ್‌ಗಿಂತ 3 ಏರಿದ ಮೇಲೆ ಮುಂದಿನದು ಅರ್ಧವಷ್ಟೇ ಸೇರುತ್ತದೆ, 5 ದಾಟಲು ಸಾಧ್ಯವೇ ಇಲ್ಲ. 15ರಲ್ಲಿದ್ದವರು ಒಂದು ವರ್ಷದೊಳಗೆ 24ಕ್ಕೆ ಹೋಗಲಾರರು. ನಿಮ್ಮವರು ಅಲ್ಲಿದ್ದಾರೆ ಎಂದರೆ, ಒಂದೋ ವರ್ಷಕ್ಕೂ ಮಿಕ್ಕಿದ ತಾಳ್ಮೆಯಿಂದ ಏರಿದ್ದಾರೆ, ಇಲ್ಲವೇ ತಮ್ಮ ನಿಜವಾದ ಆಟವನ್ನು ಎಂದೂ ದಾಖಲಿಸಿಯೇ ಇಲ್ಲ.

ಹಳೆಯ ಕ್ಯಾಡಿ:

ಆ ಹುಡುಗ ಆಕಾಶ ನೋಡಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ, ಮೇಡಂ. ನಾನು ಶಾಲೆ ಬಿಟ್ಟು ಬ್ಯಾಗು ಹೊತ್ತವನು. ಈಗ ಮಕ್ಕಳಿಗೆ ಆಟ ಕಲಿಸುತ್ತೇನೆ. ಕ್ಯಾಡಿಗೆ ಎಲ್ಲವೂ ಕಾಣುತ್ತದೆ. ಯಾವ ಸಾಹೇಬರು ರಫ್‌ನ ಎತ್ತರದ ಹುಲ್ಲಿನಲ್ಲಿ ಐದು ಹೊಡೆದು ನಾಲ್ಕು ಎನ್ನುತ್ತಾರೆ, ಯಾರು ಹೋಲಿನ ಸುತ್ತಲಿನ ನುಣುಪು ಹುಲ್ಲಿನ, ಅಂದರೆ ಗ್ರೀನಿನ ಮೇಲೆ ಚೆಂಡಿನ ಗುರುತಿಗೆ ನಾಣ್ಯವಿಡುವ ನೆಪದಲ್ಲಿ ಚೆಂಡನ್ನು ಹೋಲಿನ ಕಡೆ ನಾಲ್ಕು ಬೆರಳು ಸರಿಸುತ್ತಾರೆ, ಯಾರ ಜೇಬಿನಿಂದ ಎರಡನೆಯ ಚೆಂಡು ಪ್ಯಾಂಟಿನ ಕಾಲಿನೊಳಗಿಂದ ಜಾರಿ ಹುಲ್ಲಿಗೆ ಇಳಿಯುತ್ತದೆ, ಎಲ್ಲವೂ. ಕೆಲವರು ಬಾಯಿಬಿಟ್ಟು ಹೇಳುವುದಿಲ್ಲ. “ಮುಂದೆ ಹೋಗಿ ಚೆಂಡು ನೋಡು” ಎನ್ನುವ ದನಿಯಲ್ಲಿಯೇ ಅರ್ಥವಾಗುತ್ತದೆ. ನಾವು ಹೋಗಿ ನೋಡುವಷ್ಟರಲ್ಲಿ ಚೆಂಡು ಚೆನ್ನಾಗಿ ಕುಳಿತಿರಬೇಕು. ನಿಯಮದ ಪ್ರಕಾರ ಕ್ಯಾಡಿ ಮಾಡಿದ್ದಕ್ಕೂ ದಂಡ ಆಟಗಾರರಿಗೇ. ಅದು ಪುಸ್ತಕದ ಮಾತು. ಮರುದಿನ ಕೆಲಸ ಕಳೆದುಕೊಳ್ಳುವವನು ಕ್ಯಾಡಿ.

ಅವನನ್ನು ಸಾಕ್ಷಿಗೆ ಕರೆಯಬೇಡಿ. ಬದಲಿಗೆ ಪಂದ್ಯದ ದಿನ ಕ್ಯಾಡಿಗಳನ್ನು ಚೀಟಿ ಎತ್ತಿ ಹಂಚಿ, ಕೂಲಿಯನ್ನು ಸಮಿತಿಯೇ ಕೊಡಲಿ. ಖಾಯಂ ಸಾಹೇಬರಿಗೆ ಖಾಯಂ ಕ್ಯಾಡಿ ಸಿಗಬಾರದು. ಏಳನೇ ಹೋಲಿನಂಥ ಕಡೆ ಒಬ್ಬ ಹುಡುಗನಿಗೆ ಬಾವುಟ ಕೊಟ್ಟು ನಿಲ್ಲಿಸಿ. ಚೆಂಡು ಬಿದ್ದ ಜಾಗವನ್ನು ಅವನು ಎಲ್ಲರೆದುರಿಗೇ ತೋರಿಸುತ್ತಾನೆ. ಹುಡುಕಲು ಮೂರೇ ನಿಮಿಷ, ಅದನ್ನೂ ಅವನೇ ನೋಡಿಕೊಳ್ಳಲಿ. ಇಷ್ಟಾದರೆ ಯಾರ ಮೇಲೂ ದೂರು ಹೇಳುವ ಅಗತ್ಯವೇ ಬರುವುದಿಲ್ಲ.

ಮೂರು ಪಟ್:

ಎಲ್ಲರೂ ಅಮೆರಿಕದ ಹಳೆಯ ಗಾಲ್ಫ್ ದಿಗ್ಗಜ ಬಾಬಿ ಜೋನ್ಸ್ ಕಥೆ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. 1925ರ ಯು.ಎಸ್. ಓಪನ್‌ನಲ್ಲಿ ಯಾರೂ ಕಾಣದ ಚೆಂಡಿನ ಅಲುಗಾಟಕ್ಕೆ ತನಗೆ ತಾನೇ ಒಂದು ಹೊಡೆತ ದಂಡ ಹಾಕಿಕೊಂಡರು, ಸಮಬಲವಾಗಿ ಪ್ಲೇಆಫ್‌ನಲ್ಲಿ ಸೋತರು. ಸರಿ. ಆದರೆ ಜೋನ್ಸ್‌ಗೆ ಹ್ಯಾಂಡಿಕ್ಯಾಪ್ ಉಬ್ಬಿಸಿಕೊಂಡು ಫ್ರಿಜ್ ಗೆಲ್ಲುವ ಆಸೆ ಇರಲಿಲ್ಲ. ನಮ್ಮ ಪಂದ್ಯಾವಳಿಗಳಲ್ಲಿ ದೊಡ್ಡ ಬಹುಮಾನವೆಲ್ಲ ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಹಿಡಿದ ನೆಟ್ ಸ್ಕೋರಿಗೆ, ನಿಜವಾಗಿ ಕಡಿಮೆ ಹೊಡೆತದಲ್ಲಿ ಮುಗಿಸಿದವರಿಗೆ ಒಂದು ಗಾಜಿನ ಬಟ್ಟಲು. ಹೀಗಿದ್ದ ಮೇಲೆ ಸುಳ್ಳಿಗೆ ಸಂಬಳ ಕೊಟ್ಟಂತಲ್ಲವೇ? ಬಟ್ಟಲನ್ನು ನೆಟ್‌ಗೆ ಕೊಡಿ, ಫ್ರಿಜ್ ಅನ್ನು ಲಾಟರಿ ಎತ್ತಿ ಹಂಚಿ.

ಇನ್ನೊಂದು ಮಾತು. 45 ತಂದವರೆಲ್ಲ ಕಳ್ಳರಲ್ಲ. ಹೊಸದಾಗಿ ಕಲಿಯುತ್ತಿರುವವರು ಒಮ್ಮೆಲೇ ಹಾರುವುದುಂಟು.

ಅಂಕಪಟ್ಟಿ:

ಮೂರು ಪಟ್ ಅವರೇ, ನಮ್ಮಲ್ಲಿ ಗೆದ್ದವರು ಹೊಸಬರಲ್ಲ. ನನ್ನ ಮದುವೆಗೆ ಮುಂಚಿನಿಂದ ಆಡುತ್ತಿದ್ದಾರೆ.

ಪುಸ್ತಕ, ದಾಖಲೆ ಎರಡನ್ನೂ ಹರಡಿಕೊಂಡು ಕುಳಿತೆ. ಅವರ ಕಾರ್ಡುಗಳೆಲ್ಲ ಜೂನ್‌ನಿಂದ ಸೆಪ್ಟೆಂಬರ್ ನಡುವಿನವು! ನಮ್ಮಲ್ಲಿ ಆ ತಿಂಗಳುಗಳಲ್ಲಿ ಫೇರ್‌ವೇ ಎಂಬ ಕತ್ತರಿಸಿದ ಹುಲ್ಲಿನ ಹಾದಿಯ ಮೇಲೆ ಚೆಂಡು ಉರುಳುವುದಿಲ್ಲ, ಬಿದ್ದಲ್ಲೇ ಹೂತುಕೊಳ್ಳುತ್ತದೆ. ಕೊಡೆ ಹಿಡಿದುಕೊಂಡು ಆಡಿದರೆ ಎಂಥವರ ಸ್ಕೋರೂ ಏರುತ್ತದೆ. ನೆಲ ಒಣಗುವ ನವೆಂಬರ್‌ನಿಂದ ಮಾರ್ಚ್‌ವರೆಗೆ ಒಂದೇ ಒಂದು ಕಾರ್ಡಿಲ್ಲ. ಕಾಯ್ದಿರಿಸುವ ಪುಸ್ತಕದಲ್ಲಿ ಮಾತ್ರ ಪ್ರತಿ ಶನಿವಾರವೂ ಅವರ ಹೆಸರಿದೆ. ಪಾಪ, ಮಳೆಯಲ್ಲಿ ಮಾತ್ರ ಪ್ರಾಮಾಣಿಕರು.

ಕ್ಯಾಡಿಗಳ ಚೀಟಿ ಮತ್ತು ಬಾವುಟದ ಹುಡುಗ ಮುಂದಿನ ಪಂದ್ಯದಿಂದಲೇ ಜಾರಿಗೆ ಬರುತ್ತದೆ. ಲಾಟರಿಗೆ ಪ್ರಾಯೋಜಕರು ಒಪ್ಪಲಿಲ್ಲ. ಗೆದ್ದವರ ಜೊತೆ ಫೋಟೊ ಬೇಕಂತೆ. ನೋಟಿಸ್ ಬರೆದಿಟ್ಟಿದ್ದೇನೆ. ಸಹಿ ಮಾಡಬೇಕಾದ ನಮ್ಮ ಅಧ್ಯಕ್ಷರು ಆ ಮಹನೀಯರ ಷಡ್ಡಕರು.

ಸ್ಲೋಪ್ 113:

ಹಾಗಾದರೆ ಅಧ್ಯಕ್ಷರು ಆ ಸಭೆಯಿಂದ ಹೊರಗಿರಲಿ. ಸಮಿತಿಯ ಉಳಿದವರು ಸಹಿ ಮಾಡಲಿ. ನೋಟಿಸಿನಲ್ಲಿ ಮೋಸ ಎಂಬ ಪದ ಬೇಡ. ಇಂತಿಂಥ ಶನಿವಾರ ಆಡಿದ್ದೀರಿ, ಸ್ಕೋರು ದಾಖಲಾಗಿಲ್ಲ, ದಯವಿಟ್ಟು ಕೊಡಿ, ಇಷ್ಟೇ ಇರಲಿ. ಕೊಟ್ಟರೆ ಇಂಡೆಕ್ಸ್ ತಾನಾಗಿ ಇಳಿಯುತ್ತದೆ. ಕೊಡದಿದ್ದರೆ ಸಮಿತಿ ಇಳಿಸಲಿ. ಗೆಳೆಯರು ಪಣದಲ್ಲಿ ಒಪ್ಪುವ 15 ನಿಮ್ಮ ಬಳಿ ಇರುವ ಅತ್ಯಂತ ವಿಶ್ವಾಸಾರ್ಹ ಅಂದಾಜು. ಈ ಸಲದ ಫ್ರಿಜ್ ಮರಳಿ ಕೇಳಬೇಕೆಂದರೆ ಗೊತ್ತಿದ್ದೂ ನಿಯಮ ಮುರಿದರೆಂದು ತೋರಿಸಬೇಕು. ಅದಕ್ಕೆ ಕಾಲಮಿತಿಯಿಲ್ಲ, ಫಲಿತಾಂಶ ಪ್ರಕಟವಾದ ಮೇಲೂ ಅನರ್ಹಗೊಳಿಸಬಹುದು. ಶನಿವಾರದ ಕಾರ್ಡುಗಳು ಕೈಗೆ ಬರಲಿ, ಆಮೇಲೆ ನೋಡೋಣ.