ಸಹಾಯ ಬೇಕು: ಗಣಿ ಕಂಪನಿಯ ಹಣ, ಸಂಶೋಧನೆಯ ಕರಾರು

ಬ್ಯಾಟರಿ ತಯಾರಿಕೆಗೆ ಬೇಕಾದ ನಿಕ್ಕಲ್, ಕೋಬಾಲ್ಟ್‌ನಂಥ ಖನಿಜಗಳಲ್ಲಿ ವಿದೇಶಿ ಹೂಡಿಕೆ ನನ್ನ ಪಿಎಚ್‌ಡಿ ವಿಷಯ. 2020ರಲ್ಲಿ ಇಂಡೊನೇಷ್ಯಾ ನಿಕ್ಕಲ್ ಅದಿರಿನ ರಫ್ತು ನಿಷೇಧಿಸಿದ ಮೇಲೆ ಚೀನಾದ ಕಂಪನಿಗಳು ಅಲ್ಲಿಯೇ ಸಂಸ್ಕರಣಾ ಘಟಕಗಳನ್ನು ಹೆಚ್ಚಿಸಿದವು. ಕಾಂಗೊದ ಕೋಬಾಲ್ಟ್ ಮಾತ್ರ ಇಂದಿಗೂ ಬಹುಪಾಲು ಚೀನಾದಲ್ಲಿಯೇ ಶುದ್ಧೀಕರಣವಾಗುತ್ತದೆ. ಈ ವ್ಯತ್ಯಾಸ ಏಕೆಂದು ತಿಳಿಯಲು ಇಂಡೊನೇಷ್ಯಾ, ಕಾಂಗೊ ಎರಡೂ ಕಡೆ ಹೋಗಲೇಬೇಕು. ಕಂಪನಿಗಳ ವಾರ್ಷಿಕ ವರದಿ ಓದಿ ಬರೆಯುವ ಕೆಲಸವಲ್ಲ ಇದು.

ಭೂವಿಜ್ಞಾನದ ಅನುದಾನ ಕೇಳಿದರೆ ಇದು ಅರ್ಥಶಾಸ್ತ್ರ ಎಂದರು. ಸಮಾಜವಿಜ್ಞಾನದವರು ಗಣಿಗಾರಿಕೆ ಎಂದು ಮರಳಿಸಿದರು. ಈಗ ಒಂದು ಗಣಿ ಕಂಪನಿ ಹಣ ಕೊಡಲು ಮುಂದೆ ಬಂದಿದೆ. ಆದರೆ ಪ್ರಕಟಣೆಗೆ ಮೊದಲು ಕರಡನ್ನು ತನಗೆ ತೋರಿಸಬೇಕು ಎಂಬ ಷರತ್ತು ಹಾಕಿದೆ. ಪ್ರಕಟಣೆಯನ್ನು ತಡೆಯುವ ಹಕ್ಕೂ ಅದಕ್ಕಿದೆಯೇ ಎಂಬುದು ಕರಾರಿನಲ್ಲಿ ಸ್ಪಷ್ಟವಿಲ್ಲ.

ಇಂಥ ಹಣದಲ್ಲಿ ಸಂಶೋಧನೆ ಮಾಡಿದವರು ದಯವಿಟ್ಟು ತಿಳಿಸಿ: ಪ್ರಕಟಿಸುವ ಅಂತಿಮ ನಿರ್ಧಾರ ನಮ್ಮದೇ ಎಂದು ಕರಾರಿನಲ್ಲಿ ಹೇಗೆ ಬರೆಸಿಕೊಂಡಿರಿ?