ಹಾಸನ ಮಾವನ ಫಾರ್ವರ್ಡೂ ಟ್ರೈಗ್ಲಿಸರೈಡ್ ಜಗಳವೂ

(ಗುಂಪು: ಅಜ್ಜಿ ಮನೆ)

ಹಾಸನ ಮಾವ: *ಶುಗರ್ ಇರುವವರು ತಪ್ಪದೇ ಓದಿ!* ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) ಇಳಿಸುವ ಫೆನೋಫೈಬ್ರೇಟ್ ಎರಡೂ ಸೇರಿದ ಒಂದೇ ಮಾತ್ರೆ. ಟ್ರೈಗ್ಲಿಸರೈಡ್ ಅರ್ಧಕ್ಕೆ ಇಳಿಯುತ್ತದೆ. ಹಾರ್ಟ್ ಅಟ್ಯಾಕ್ ಹತ್ತಿರ ಸುಳಿಯುವುದಿಲ್ಲ. ಹತ್ತು ಜನರಿಗೆ ಕಳಿಸಿ.

ಅಮ್ಮ: ಅಣ್ಣ, ನನಗೆ ಹೋದ ತಿಂಗಳು ಟ್ರೈಗ್ಲಿಸರೈಡ್ 240 ಬಂದಿತ್ತು. ಶುಗರ್ ಬೇರೆ ಇದೆ. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಕೊಡುತ್ತಾರಾ?

ಪುಟ್ಟಿ: ಅಮ್ಮಾ, ಸುಮ್ನೆ ಹೋಗಿ ತರಬೇಡ. ಮಾವ, ಟ್ರೈಗ್ಲಿಸರೈಡ್ ಇಳಿಯುತ್ತದೆ ಅನ್ನೋದು ನಿಜ. ಹಾರ್ಟ್ ಅಟ್ಯಾಕ್ ಮಾತು ಸುಳ್ಳು.

ಹಾಸನ ಮಾವ: ಸುಳ್ಳು ಹೇಗಾಗುತ್ತದಮ್ಮ? ನನಗೆ 310 ಇತ್ತು. ಡಾಕ್ಟರೇ ಈ ಮಾತ್ರೆ ಬರೆದುಕೊಟ್ಟರು. ಈಗ 160. ರಿಪೋರ್ಟ್ ಹಾಕಲಾ?

ಪುಟ್ಟಿ: ಬೇಡ ಮಾವ, ನಂಬುತ್ತೇನೆ. ಬರೀ ಸ್ಟ್ಯಾಟಿನ್ ಟ್ರೈಗ್ಲಿಸರೈಡನ್ನು ಶೇ. 10ರಿಂದ 30ರಷ್ಟು ಇಳಿಸುತ್ತದೆ. ಫೆನೋಫೈಬ್ರೇಟ್ ಶೇ. 30ರಿಂದ 50. ಎರಡೂ ಸೇರಿದರೆ ನಂಬರ್ ಇಳಿಯಲೇಬೇಕು. ನನ್ನ ತಕರಾರು ಅದಲ್ಲ. ನಂಬರ್ ಇಳಿದರೆ ಹೃದಯ ಉಳಿಯುತ್ತದಾ?

ತುಮಕೂರು ದೊಡ್ಡಮ್ಮ: 🌹 ಶುಭೋದಯ 🌹

ಶಿವಮೊಗ್ಗ ಅಣ್ಣ: ಉಳಿಯಬೇಕಲ್ವಾ? ರಕ್ತದಲ್ಲಿ ಕೊಬ್ಬು ಕಮ್ಮಿ ಅಂದರೆ ರಿಸ್ಕ್ ಕಮ್ಮಿ. ಇದರಲ್ಲಿ ಏನು ಅನುಮಾನ?

ಪುಟ್ಟಿ: ಹಾಗಂತಲೇ ಎಲ್ಲರೂ ಅಂದುಕೊಂಡಿದ್ದರು. ಅಮೆರಿಕ, ಕೆನಡಾದಲ್ಲಿ ಅಕಾರ್ಡ್ ಅಂತ ದೊಡ್ಡ ಪರೀಕ್ಷೆ ನಡೆಯಿತು. ಫಲಿತಾಂಶ ಬಂದದ್ದು 2010ರಲ್ಲಿ. ಶುಗರ್ ಇದ್ದ 5,518 ಜನ. ಎಲ್ಲರಿಗೂ ಸಿಮ್ವಾಸ್ಟ್ಯಾಟಿನ್. ಅದರ ಜೊತೆ ಅರ್ಧ ಜನಕ್ಕೆ ಫೆನೋಫೈಬ್ರೇಟ್, ಉಳಿದವರಿಗೆ ಖಾಲಿ ಮಾತ್ರೆ. ಜೋಡಿ ಮಾತ್ರೆಯವರ ಟ್ರೈಗ್ಲಿಸರೈಡ್ ಸುಮಾರು 164ರಿಂದ 122ಕ್ಕೆ ಬಂತು. ಉಳಿದವರದು 160ರಿಂದ 144. ಆದರೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹೃದಯದ ಸಾವು ಎಲ್ಲ ಸೇರಿಸಿ ನೋಡಿದರೆ ಜೋಡಿ ಮಾತ್ರೆಯವರಲ್ಲಿ ವರ್ಷಕ್ಕೆ ಶೇ. 2.2, ಉಳಿದವರಲ್ಲಿ ಶೇ. 2.4. ವ್ಯತ್ಯಾಸ ಇದೆ ಅನ್ನುವ ಹಾಗಿಲ್ಲ.

ಶಿವಮೊಗ್ಗ ಅಣ್ಣ: ತಡಿ, ನಾನೂ ಹುಡುಕಿದೆ. ಅದೇ ಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್ 204ಕ್ಕಿಂತ ಮೇಲೆ, ಎಚ್‌ಡಿಎಲ್ (ಒಳ್ಳೆ ಕೊಲೆಸ್ಟ್ರಾಲ್) 34ಕ್ಕಿಂತ ಕೆಳಗೆ ಇದ್ದವರಿಗೆ ಲಾಭ ಆದ ಹಾಗೆ ಕಂಡಿದೆ. ಚಿಕ್ಕಮ್ಮನದು 240. ಅವರು ಆ ಗುಂಪಿಗೇ ಸೇರುತ್ತಾರಲ್ಲ!

ಹಾಸನ ಮಾವ: 👏👏 ಭಲೇ!

ಪುಟ್ಟಿ: ಒಳ್ಳೆ ಪಾಯಿಂಟ್ ಅಣ್ಣ. ಡಾಕ್ಟರುಗಳೂ ಎಷ್ಟೋ ವರ್ಷ ಅದನ್ನೇ ಹಿಡಿದುಕೊಂಡಿದ್ದರು. ಅದಕ್ಕೇ ಅಂಥವರನ್ನೇ ಆರಿಸಿ ಇನ್ನೊಂದು ಪರೀಕ್ಷೆ ಮಾಡಿದರು. ಹೆಸರು ಪ್ರಾಮಿನೆಂಟ್. 10,497 ಜನ, ಎಲ್ಲರಿಗೂ ಶುಗರ್, ಟ್ರೈಗ್ಲಿಸರೈಡ್ 200ರಿಂದ 499, ಎಚ್‌ಡಿಎಲ್ 40ರ ಒಳಗೆ. ಹೆಚ್ಚಿನವರು ಸ್ಟ್ಯಾಟಿನ್ ತಗೊಳ್ಳುತ್ತಿದ್ದರು. ಪೆಮಾಫೈಬ್ರೇಟ್ ಅನ್ನುವ ಹೊಸ ಫೈಬ್ರೇಟ್, ಅಂದರೆ ಫೆನೋಫೈಬ್ರೇಟ್ ಗುಂಪಿನದೇ ಔಷಧಿ, ಕೊಟ್ಟರು. 2022ರಲ್ಲಿ ಫಲಿತಾಂಶ ಬಂತು. ಖಾಲಿ ಮಾತ್ರೆಗೆ ಹೋಲಿಸಿದರೆ ಟ್ರೈಗ್ಲಿಸರೈಡ್ ಶೇ. 26 ಇಳಿದಿತ್ತು. ಹಾರ್ಟ್ ಅಟ್ಯಾಕ್ ಒಂದಿಷ್ಟೂ ಕಮ್ಮಿ ಆಗಲಿಲ್ಲ.

ಅಮ್ಮ: ಅದು ಹೇಗೆ? ಕೊಬ್ಬು ಇಳಿದ ಮೇಲೂ?

ಪುಟ್ಟಿ: ಲಿವರ್ ಕೊಬ್ಬನ್ನು ಸಣ್ಣ ಕಣಗಳಲ್ಲಿ ತುಂಬಿ ರಕ್ತಕ್ಕೆ ಬಿಡುತ್ತದೆ. ಕಣ ಅಂದರೆ ಲಾರಿ, ಟ್ರೈಗ್ಲಿಸರೈಡ್ ಅಂದರೆ ಮೂಟೆ ಅಂದುಕೋ. ಫೈಬ್ರೇಟ್ ಬಂದರೆ ಲೈಪೋಪ್ರೋಟೀನ್ ಲೈಪೇಸ್ ಅನ್ನುವ ಕಿಣ್ವ ಚುರುಕಾಗುತ್ತದೆ. ಮೂಟೆ ಬೇಗ ಇಳಿಯುತ್ತದೆ. ಆದರೆ ಖಾಲಿ ಲಾರಿ ರಸ್ತೆಯಲ್ಲೇ ಇರುತ್ತದೆ. ರಕ್ತನಾಳದ ಗೋಡೆಗೆ ನುಗ್ಗುವುದು ಆ ಲಾರಿ. ಸ್ಟ್ಯಾಟಿನ್ ಲಾರಿಯನ್ನೇ ಎತ್ತಿಹಾಕುತ್ತದೆ. ಪ್ರಾಮಿನೆಂಟಿನಲ್ಲಿ ಲಾರಿಗಳ ಲೆಕ್ಕ, ಅಂದರೆ ಅಪೋಬಿ, ಇಳಿಯಲೇ ಇಲ್ಲ. ಸ್ವಲ್ಪ ಏರಿತ್ತು.

ಹಾಸನ ಮಾವ: ಹಾಗಾದರೆ ನಮ್ಮ ಡಾಕ್ಟರ್ ದಡ್ಡರಾ? ನೀನು ಫಾರ್ಮಸಿ ಓದಿದ್ದೀಯ, ಅವರು ಎಂಡಿ.

ಪುಟ್ಟಿ: ಹಾಗೆ ಅಂದೆನಾ ಮಾವ? ಟ್ರೈಗ್ಲಿಸರೈಡ್ 500 ದಾಟಿದರೆ ಫೈಬ್ರೇಟ್ ಬೇಕಾಗಬಹುದು. ಆಗ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಭಯ. ಪ್ಯಾಂಕ್ರಿಯಾಟೈಟಿಸ್ ಬಂದರೆ ಜೀವಕ್ಕೇ ಅಪಾಯ. ಶುಗರಿನಿಂದ ಕಣ್ಣಿನ ಒಳಪದರ ಹಾಳಾಗುವುದನ್ನೂ ಫೆನೋಫೈಬ್ರೇಟ್ ನಿಧಾನ ಮಾಡಿದ್ದು ಅಕಾರ್ಡಿನಲ್ಲೇ ಕಂಡಿದೆ. ನಿಮಗೆ ಯಾಕೆ ಬರೆದರು ಅಂತ ಅವರನ್ನೇ ಕೇಳಿ. ನನ್ನ ಜಗಳ ಆ ಫಾರ್ವರ್ಡಿನ ಜೊತೆ.

ಅತ್ತೆ: 310 ಯಾಕೆ ಬಂತು ಅಂತ ನಾನು ಹೇಳಲಾ? ರಾತ್ರಿ ಎರಡು ಪೆಗ್. ಮೇಲೆ ಮೈಸೂರ್ ಪಾಕ್.

ಹಾಸನ ಮಾವ: *ಈ ಮೆಸೇಜ್ ಅಳಿಸಲಾಗಿದೆ*

ತುಮಕೂರು ದೊಡ್ಡಮ್ಮ: ಏನು ಅಳಿಸಿದೆಯೋ? ನಾನು ನೋಡಿಬಿಟ್ಟೆ. ಅಕ್ಕನ ಮುಂದೆ ಹೆಂಡತಿಗೆ ಹಾಗೆಲ್ಲ ಅನ್ನಬೇಡ.

ಶಿವಮೊಗ್ಗ ಅಣ್ಣ: 😂 ಮೀನೆಣ್ಣೆ ಕ್ಯಾಪ್ಸೂಲ್ ಆಗುತ್ತದಾ ಪುಟ್ಟಿ?

ಪುಟ್ಟಿ: ಅಂಗಡಿಯಲ್ಲಿ ಸಿಗುವುದು ಬೇಡ. ಮೀನೆಣ್ಣೆಯಲ್ಲಿ ಇಪಿಎ, ಡಿಎಚ್‌ಎ ಅಂತ ಎರಡು ಒಮೆಗಾ-3 ಕೊಬ್ಬು ಇರುತ್ತವೆ. ದಿನಕ್ಕೆ 4 ಗ್ರಾಂ ಶುದ್ಧ ಇಪಿಎ ಕೊಟ್ಟ ರೆಡ್ಯೂಸ್-ಇಟ್ ಪರೀಕ್ಷೆಯಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್‌ನಂಥವು ಶೇ. 25 ಕಮ್ಮಿ ಆದವು. ಹೋಲಿಕೆಗೆ ಕೊಟ್ಟ ಮಿನರಲ್ ಆಯಿಲ್ ಬಗ್ಗೆ ಇನ್ನೂ ಜಗಳ ಇದೆ. ಇಪಿಎ, ಡಿಎಚ್‌ಎ ಎರಡೂ ಇದ್ದ ಔಷಧಿಯ ಸ್ಟ್ರೆಂಗ್ತ್ ಪರೀಕ್ಷೆಯನ್ನು ಲಾಭ ಕಾಣದೆ ಮಧ್ಯದಲ್ಲೇ ನಿಲ್ಲಿಸಿದರು.

ತುಮಕೂರು ದೊಡ್ಡಮ್ಮ: ಎರಡು ಮಾತ್ರೆ ಸೇರಿದರೆ ಮೈಕೈ ನೋವು ಬರುತ್ತದಂತಲ್ಲ?

ಪುಟ್ಟಿ: ಬರಬಹುದು ದೊಡ್ಡಮ್ಮ. ಜೆಮ್‌ಫೈಬ್ರೋಜಿಲ್ ಅನ್ನುವ ಹಳೆಯ ಫೈಬ್ರೇಟ್ ಜೊತೆ ಭಯ ಜಾಸ್ತಿ. ಸ್ನಾಯು ಕರಗಿ ಕಿಡ್ನಿ ಕೆಡಬಹುದು. ಇದೇ ಕಾರಣಕ್ಕೆ ಸೆರಿವಾಸ್ಟ್ಯಾಟಿನ್ ಅನ್ನುವ ಸ್ಟ್ಯಾಟಿನನ್ನು 2001ರಲ್ಲಿ ಮಾರುಕಟ್ಟೆಯಿಂದಲೇ ತೆಗೆದರು. ಫೆನೋಫೈಬ್ರೇಟ್ ಜೊತೆ ಆ ಭಯ ಕಮ್ಮಿ. ಆದರೆ ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಏರಬಹುದು.

ಹಾಸನ ಮಾವ: ಮಾತ್ರೆ ನಾನು ನಿಲ್ಲಿಸುವುದಿಲ್ಲ.

ಪುಟ್ಟಿ: ನಿಲ್ಲಿಸಿ ಅಂದವರು ಯಾರು ಮಾವ? ಮುಂದಿನ ಸಲ ಹೋದಾಗ ಕ್ರಿಯಾಟಿನಿನ್ ಟೆಸ್ಟ್ ಮಾಡಿಸಿ. ಪೆಗ್ ವಿಷಯವನ್ನೂ ಹೇಳಿ.

ಹಾಸನ ಮಾವ: ಪೆಗ್ ಒಂದೇ. ಎರಡಲ್ಲ.

ಅತ್ತೆ: 🙄